ಪರಮ್ಯಾಂಗನೇಟ್ ಅನುಮಾಪನದಲ್ಲಿ ನನ್ನ ಉತ್ತರ ಮೂರೂವರೆ ಪಟ್ಟು ಬರುತ್ತಿರುವುದೇಕೆ?

ದ್ವಿತೀಯ ಪಿಯು ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದೇನೆ. ಅನುಮಾಪನದ (ಟೈಟ್ರೇಶನ್, ಅಂದರೆ ಸಾರತೆ ತಿಳಿದಿರುವ ಒಂದು ದ್ರಾವಣದಿಂದ ಇನ್ನೊಂದರ ಸಾರತೆಯನ್ನು ಕಂಡುಹಿಡಿಯುವ) ಪ್ರಯೋಗವನ್ನು ಮಾಡುವುದು ನನಗೆ ಕಷ್ಟವೆನಿಸಿಲ್ಲ, ಆದರೆ ಅದರ ಲೆಕ್ಕ ಮಾತ್ರ ಪ್ರತಿ ಸಲವೂ ತಪ್ಪುತ್ತಿದೆ.

ಕಳೆದ ವಾರ ನಾವು 3.15 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳನ್ನು ತೂಗಿ, ನೀರಿನಲ್ಲಿ ಕರಗಿಸಿ, 250 ಮಿ.ಲೀ. ಪ್ರಮಾಣಿತ ಫ್ಲಾಸ್ಕಿನಲ್ಲಿ ಗೆರೆಯವರೆಗೆ ತುಂಬಿಸಿದೆವು. ಆ ದ್ರಾವಣದ 10 ಮಿ.ಲೀ. ಅನ್ನು ಪಿಪೆಟ್ಟಿನಿಂದ ಶಂಕು ಫ್ಲಾಸ್ಕಿಗೆ ತೆಗೆದುಕೊಂಡು, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, ಬ್ಯೂರೆಟ್ಟಿನಿಂದ ಪೊಟ್ಯಾಸಿಯಂ ಪರಮ್ಯಾಂಗನೇಟನ್ನು ಬಿಟ್ಟೆವು. ಎರಡು ಸಲವೂ 9.8 ಮಿ.ಲೀ. ಬಂತು.

ನಾನು ಆಕ್ಸಾಲಿಕ್ ಆಮ್ಲದ ಮೋಲಾರ್ ದ್ರವ್ಯರಾಶಿ 90 ಎಂದು ತೆಗೆದುಕೊಂಡು, 3.15 ಅನ್ನು 90ರಿಂದ ಭಾಗಿಸಿ, 250 ಮಿ.ಲೀ.ಗೆ 0.14 ಮೋಲಾರ್ (ಲೀಟರಿಗೆ 0.14 ಮೋಲ್) ಎಂದು ಬರೆದೆ. ಬಳಿಕ ಎಂ₁ವಿ₁ = ಎಂ₂ವಿ₂ (ಎಂ ಎಂದರೆ ಮೋಲಾರ್ ಸಾರತೆ, ವಿ ಎಂದರೆ ಗಾತ್ರ) ಸೂತ್ರದಲ್ಲಿ ಬೆಲೆಗಳನ್ನಿಟ್ಟಾಗ ಪರಮ್ಯಾಂಗನೇಟಿನ ಸಾರತೆ 0.143 ಮೋಲಾರ್ ಬಂತು. ನಮ್ಮ ಉಪನ್ಯಾಸಕರ ಪಟ್ಟಿಯಲ್ಲಿ 0.041 ಎಂದಿದೆ. ಕೂಡುವ ಕಳೆಯುವ ತಪ್ಪೇನೂ ನನಗೆ ಕಾಣುತ್ತಿಲ್ಲ. ದಯವಿಟ್ಟು ಯಾರಾದರೂ ತಿಳಿಸಿಕೊಡಬೇಕು.

ರಸಾಯನಶಾಸ್ತ್ರ ಉಪನ್ಯಾಸಕಿ

ನಿಮ್ಮ ಅಂಕಗಣಿತ ಸರಿಯಾಗಿಯೇ ಇದೆ. ತಪ್ಪಿರುವುದು ಎರಡು ಕಡೆ, ಮತ್ತು ಎರಡೂ ತಪ್ಪುಗಳು ಉತ್ತರವನ್ನು ಒಂದೇ ದಿಕ್ಕಿಗೆ ಎಳೆದಿವೆ.

ಮೊದಲನೆಯದು ಹರಳಿನೊಳಗಿನ ನೀರು. ಬಾಟಲಿಯಿಂದ ನೀವು ತೂಗಿದ್ದು ಬರೀ ಆಕ್ಸಾಲಿಕ್ ಆಮ್ಲವನ್ನಲ್ಲ. ಪ್ರತಿ ಅಣುವಿಗೂ ಎರಡು ನೀರಿನ ಅಣುಗಳನ್ನು ಕಟ್ಟಿಕೊಂಡಿರುವ ಹರಳನ್ನು. ಆದ್ದರಿಂದ 90ಕ್ಕೆ 36 ಸೇರಿಸಿ 126 ಎಂದು ತೆಗೆದುಕೊಳ್ಳಬೇಕು. 3.15 ಗ್ರಾಂ ಎಂದರೆ 0.025 ಮೋಲ್, ಅದು 250 ಮಿ.ಲೀ.ನಲ್ಲಿರುವಾಗ ಸಾರತೆ 0.1 ಮೋಲಾರ್. 3.15 ಎಂಬ ವಿಚಿತ್ರ ಸಂಖ್ಯೆಯನ್ನು ಪ್ರಯೋಗಕ್ಕೆ ಆರಿಸಿದ್ದೇ ಈ 0.1 ಸಿಗಲೆಂದು. ಈ ತಪ್ಪಿನಿಂದ ನಿಮ್ಮ ಉತ್ತರ 1.4 ಪಟ್ಟಾಯಿತು.

ಎರಡನೆಯದು ಸೂತ್ರ. ಎಂ₁ವಿ₁ = ಎಂ₂ವಿ₂ ಎಂಬುದು ಒಂದೇ ದ್ರಾವಣಕ್ಕೆ ನೀರು ಸೇರಿಸಿ ಸಾರತೆ ತಗ್ಗಿಸುವಾಗಿನ ಸೂತ್ರ. ಅಲ್ಲಿ ನೀರು ಸೇರಿಸುವ ಮೊದಲೂ ನಂತರವೂ ದ್ರಾವ್ಯದ ಮೋಲ್‌ಗಳು ಅಷ್ಟೇ ಇರುತ್ತವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅನುಮಾಪನದಲ್ಲಿ ಎರಡು ಬೇರೆ ಬೇರೆ ವಸ್ತುಗಳು ವರ್ತಿಸುತ್ತವೆ. ಅವು ಒಂದಕ್ಕೊಂದು ಸಮನಾದ ಮೋಲ್‌ಗಳಲ್ಲಿ ವರ್ತಿಸಿದರೆ ಮಾತ್ರ ಈ ಸೂತ್ರ ಆಕಸ್ಮಿಕವಾಗಿ ಸರಿಯಾದ ಉತ್ತರ ಕೊಡುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಲೆಕ್ಕಗಳಲ್ಲಿ ಹಾಗಾಗುವುದರಿಂದಲೇ ಮಕ್ಕಳಿಗೆ ಅದರ ಮೇಲೆ ವಿಶ್ವಾಸ ಬೆಳೆದುಬಿಡುತ್ತದೆ.

ಇಲ್ಲಿ ಸರಿದೂಗಿಸಿದ ಸಮೀಕರಣದ ಪ್ರಕಾರ 2 ಮೋಲ್ ಪರಮ್ಯಾಂಗನೇಟ್ 5 ಮೋಲ್ ಆಕ್ಸಾಲಿಕ್ ಆಮ್ಲದೊಂದಿಗೆ ವರ್ತಿಸುತ್ತದೆ. ಸೂತ್ರವನ್ನು ಪಕ್ಕಕ್ಕಿಟ್ಟು ಫ್ಲಾಸ್ಕಿನೊಳಗೆ ಏನಿದೆ ಎಂದು ಕೇಳಿಕೊಳ್ಳಿ. 0.1 ಮೋಲಾರ್ ದ್ರಾವಣದ 10 ಮಿ.ಲೀ.ನಲ್ಲಿ 1 ಮಿಲಿಮೋಲ್ ಆಕ್ಸಾಲಿಕ್ ಆಮ್ಲವಿದೆ. 5ಕ್ಕೆ 2 ಬೇಕಾದರೆ 1ಕ್ಕೆ 0.4 ಮಿಲಿಮೋಲ್ ಪರಮ್ಯಾಂಗನೇಟ್ ಬೇಕು. ಆ 0.4 ಮಿಲಿಮೋಲ್ ನಿಮ್ಮ ಬ್ಯೂರೆಟ್ಟಿನ 9.8 ಮಿ.ಲೀ.ನಲ್ಲಿತ್ತು. ಭಾಗಿಸಿದರೆ 0.0408 ಮೋಲಾರ್. ಸಮೀಕರಣದ ಅನುಪಾತವನ್ನು ಬಿಟ್ಟಿದ್ದರಿಂದ ನಿಮ್ಮ ಉತ್ತರ 2.5 ಪಟ್ಟಾಗಿತ್ತು, 1.4 ಮತ್ತು 2.5ನ್ನು ಗುಣಿಸಿದರೆ ಸರಿಯಾಗಿ ಮೂರೂವರೆ.

ದ್ವಿತೀಯ ಪಿಯು ವಿದ್ಯಾರ್ಥಿನಿ

ತುಂಬಾ ಧನ್ಯವಾದಗಳು ಮೇಡಂ. ಈಗ ಅರ್ಥವಾಯಿತು. ಆದರೆ ನಮ್ಮ ಲ್ಯಾಬ್ ಕೈಪಿಡಿಯಲ್ಲಿ ಎ₁ಎಂ₁ವಿ₁ = ಎ₂ಎಂ₂ವಿ₂ ಎಂಬ ಸೂತ್ರವಿದ್ದು, ಅದರಲ್ಲಿ ಆಕ್ಸಾಲಿಕ್ ಆಮ್ಲದ ಜೊತೆ 2 ಮತ್ತು ಪರಮ್ಯಾಂಗನೇಟಿನ ಜೊತೆ 5 ಬರೆದಿದ್ದಾರೆ. ಸಮೀಕರಣದಲ್ಲಿ ನೋಡಿದರೆ ಆಕ್ಸಾಲಿಕ್ ಆಮ್ಲಕ್ಕೆ 5, ಪರಮ್ಯಾಂಗನೇಟಿಗೆ 2. ಇದು ಅಚ್ಚಿನ ತಪ್ಪೇ?

ರಸಾಯನಶಾಸ್ತ್ರ ಉಪನ್ಯಾಸಕಿ

ಅಚ್ಚಿನ ತಪ್ಪಲ್ಲ. ಆ 2 ಮತ್ತು 5 ಸಮೀಕರಣದ ಗುಣಾಂಕಗಳಲ್ಲ, ಎಲೆಕ್ಟ್ರಾನುಗಳ ಸಂಖ್ಯೆಗಳು. ಒಂದು ಆಕ್ಸಾಲಿಕ್ ಆಮ್ಲದ ಅಣು ಇಂಗಾಲದ ಡೈಆಕ್ಸೈಡ್ ಆಗುವಾಗ 2 ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಒಂದು ಪರಮ್ಯಾಂಗನೇಟ್ ಅಯಾನು ಮ್ಯಾಂಗನೀಸ್ ಎರಡರ ಸ್ಥಿತಿಗೆ ಇಳಿಯುವಾಗ 5 ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಕೊಟ್ಟದ್ದೂ ಪಡೆದದ್ದೂ ಸಮನಾಗಬೇಕಾದ್ದರಿಂದ ಎಲೆಕ್ಟ್ರಾನಿನ ಸಂಖ್ಯೆ ಆಯಾ ವಸ್ತುವಿನ ಜೊತೆಗೇ ಗುಣಿಸಿಕೊಂಡು ನಿಲ್ಲುತ್ತದೆ. ಗುಣಾಂಕವನ್ನು ಬಳಸುವುದಾದರೆ ಅದೇ ವಸ್ತುವಿನ ಗುಣಾಂಕದಿಂದ ಭಾಗಿಸಬೇಕು: ಆಕ್ಸಾಲಿಕ್ ಆಮ್ಲದ ಮೋಲ್‌ಗಳನ್ನು 5ರಿಂದ, ಪರಮ್ಯಾಂಗನೇಟಿನ ಮೋಲ್‌ಗಳನ್ನು 2ರಿಂದ. ಎರಡೂ ದಾರಿಗಳು ಒಂದೇ ಊರಿಗೆ ಹೋಗುತ್ತವೆ. ಒಂದರ ಸಂಖ್ಯೆಯನ್ನು ಇನ್ನೊಂದರ ಸೂತ್ರದಲ್ಲಿಟ್ಟರೆ 0.0408ರ ಬದಲು 0.255 ಬರುತ್ತದೆ, ಮತ್ತು ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ.

ಉತ್ತರ ಬರೆದ ಮೇಲೆ ಒಂದು ಸಣ್ಣ ತಾಳೆ ನೋಡುವುದನ್ನು ರೂಢಿಸಿಕೊಳ್ಳಿ. ಎರಡೂ ದ್ರಾವಣಗಳು ಹೆಚ್ಚುಕಡಿಮೆ ಸಮ ಗಾತ್ರದಲ್ಲಿ ಖರ್ಚಾಗಿವೆ. ಪರಮ್ಯಾಂಗನೇಟಿನ ಒಂದು ಅಯಾನು ಎರಡೂವರೆ ಆಕ್ಸಾಲಿಕ್ ಆಮ್ಲದ ಅಣುಗಳನ್ನು ಮುಗಿಸುತ್ತದೆ. ಹಾಗಿದ್ದ ಮೇಲೆ ಅದರ ಸಾರತೆ 0.1ಕ್ಕಿಂತ ಕಡಿಮೆಯೇ ಇರಬೇಕು. 0.143 ಆಗಲಿ 0.255 ಆಗಲಿ ಇಲ್ಲಿಯೇ ಸಿಕ್ಕಿಬೀಳುತ್ತದೆ.

ನಿವೃತ್ತ ಉಪನ್ಯಾಸಕ

ಉಪನ್ಯಾಸಕಿಯವರ ವಿವರಣೆ ಸ್ಪಷ್ಟವಾಗಿದೆ. ಆದರೂ ಹಳಬನೊಬ್ಬನ ತಕರಾರನ್ನು ಕೇಳಿ. ನಾವು ನಾರ್ಮಾಲಿಟಿಯಲ್ಲಿ (ಲೀಟರಿಗೆ ಎಷ್ಟು ಸಮಾನ ತೂಕ ಎಂಬ ಲೆಕ್ಕದಲ್ಲಿ) ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ಗೊಂದಲಕ್ಕೆ ಜಾಗವೇ ಇರಲಿಲ್ಲ. ಇಲ್ಲಿ ಸಮಾನ ತೂಕ ಎಂದರೆ ಮೋಲಾರ್ ದ್ರವ್ಯರಾಶಿಯನ್ನು ಎಲೆಕ್ಟ್ರಾನುಗಳ ಸಂಖ್ಯೆಯಿಂದ ಭಾಗಿಸಿದ್ದು: ಆಕ್ಸಾಲಿಕ್ ಆಮ್ಲದ್ದು 63, ಪರಮ್ಯಾಂಗನೇಟಿನದು 31.6. ನಿಮ್ಮ ಆಕ್ಸಾಲಿಕ್ ಆಮ್ಲ 0.2 ನಾರ್ಮಲ್, 10 ಮಿ.ಲೀ.ಗೆ 9.8 ಮಿ.ಲೀ. ಖರ್ಚಾದರೆ ಪರಮ್ಯಾಂಗನೇಟ್ 0.204 ನಾರ್ಮಲ್, ಅದನ್ನು 31.6ರಿಂದ ಗುಣಿಸಿದರೆ ಲೀಟರಿಗೆ 6.45 ಗ್ರಾಂ. ನೀವು 0.0408ನ್ನು 158ರಿಂದ ಗುಣಿಸಿ ನೋಡಿ, ಅದೇ 6.45 ಬರುತ್ತದೆ. ನಾರ್ಮಾಲಿಟಿಯಲ್ಲಿ ಎನ್₁ವಿ₁ = ಎನ್₂ವಿ₂ ಎಂಬ ಒಂದೇ ಸೂತ್ರ ಎಲ್ಲ ಅನುಮಾಪನಗಳಿಗೂ ಸಾಲುತ್ತದೆ.

ರಸಾಯನಶಾಸ್ತ್ರ ಉಪನ್ಯಾಸಕಿ

ಸರ್, ನಾನೂ ನಾರ್ಮಾಲಿಟಿಯಲ್ಲಿ ಕಲಿತವಳೇ. ಅದರ ಸೊಗಸನ್ನು ಅಲ್ಲಗಳೆಯುವುದಿಲ್ಲ. ಆದರೆ 2 ಮತ್ತು 5ರ ಪ್ರಶ್ನೆ ಅಲ್ಲಿ ಮಾಯವಾಗಿಲ್ಲ. ಸಮಾನ ತೂಕದೊಳಗೆ ಅಡಗಿ ಕುಳಿತಿದೆ. ಪರಮ್ಯಾಂಗನೇಟಿನ ಸಮಾನ ತೂಕ 31.6 ಆಗುವುದು ಆಮ್ಲೀಯ ಮಾಧ್ಯಮದಲ್ಲಿ ಮಾತ್ರ. ತಟಸ್ಥ ಮಾಧ್ಯಮದಲ್ಲಿ ಅದು ಮ್ಯಾಂಗನೀಸ್ ಡೈಆಕ್ಸೈಡ್ ಆಗುವವರೆಗಷ್ಟೇ ಇಳಿದು 3 ಎಲೆಕ್ಟ್ರಾನುಗಳನ್ನು ಪಡೆಯುವುದರಿಂದ ಸಮಾನ ತೂಕ 52.7 ಆಗುತ್ತದೆ, ಪ್ರಬಲ ಕ್ಷಾರೀಯ ಮಾಧ್ಯಮದಲ್ಲಿ ಮ್ಯಾಂಗನೇಟ್ ಆಗಿ ನಿಂತರೆ ಒಂದೇ ಎಲೆಕ್ಟ್ರಾನು, ಸಮಾನ ತೂಕ 158. ಬಾಟಲಿಯ ಮೇಲೆ 0.1 ನಾರ್ಮಲ್ ಎಂದು ಬರೆದಿಟ್ಟರೆ, ಅದನ್ನು ಯಾವ ಕ್ರಿಯೆಗೆ ಬಳಸುತ್ತೀರಿ ಎಂದು ತಿಳಿಯದೆ ಆ ಸಂಖ್ಯೆಗೆ ಅರ್ಥವಿಲ್ಲ. ಮೋಲಾರ್ ಎಂದು ಬರೆದರೆ ಒಳಗಿರುವುದೆಷ್ಟು ಎಂಬುದು ಬಳಕೆ ಬದಲಾದರೂ ಬದಲಾಗುವುದಿಲ್ಲ.

ನಿವೃತ್ತ ಉಪನ್ಯಾಸಕ

ಒಪ್ಪಿದೆ. 31.6 ಎಂಬುದನ್ನು ನಮ್ಮ ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರೇ ಹೊರತು ಅದು ಎಲ್ಲಿಂದ ಬಂತೆಂದು ಕೇಳಿದರೆ ಬಹಳಷ್ಟು ಮಂದಿ ಸುಮ್ಮನಾಗುತ್ತಿದ್ದರು ಎಂಬುದೂ ನಿಜ. ಹಳೆಯ ಪುಸ್ತಕಗಳಲ್ಲಿಯೂ ನೀರು ಪರೀಕ್ಷಿಸುವ ಕೆಲವು ವಿಧಾನಗಳಲ್ಲಿಯೂ ನಾರ್ಮಾಲಿಟಿ ಇನ್ನೂ ಎದುರಾಗುವುದರಿಂದ, ಅದನ್ನು ಮೋಲಾರಿಟಿಗೆ ಪರಿವರ್ತಿಸಿಕೊಳ್ಳುವಷ್ಟಾದರೂ ಈ ಮಗು ತಿಳಿದಿರಲಿ ಎಂಬುದು ನನ್ನ ಆಸೆ.

ದ್ವಿತೀಯ ಪಿಯು ವಿದ್ಯಾರ್ಥಿನಿ

ಖಂಡಿತ ಕಲಿಯುತ್ತೇನೆ ಸರ್. ಇನ್ನೊಂದು ಸಂಶಯವಿದೆ. ನನ್ನ ಪಕ್ಕದ ಬೆಂಚಿನ ಗೆಳತಿಗೆ ಅದೇ ದ್ರಾವಣಗಳಿಂದ 10.9 ಮಿ.ಲೀ. ಬಂತು. ಅವಳ ಫ್ಲಾಸ್ಕಿನಲ್ಲಿ ನಡುವೆ ಕಂದು ಬಣ್ಣವೂ ಕಾಣಿಸಿಕೊಂಡಿತ್ತು. ಹೀಗೇಕೆ?

ರಸಾಯನಶಾಸ್ತ್ರ ಉಪನ್ಯಾಸಕಿ

ಕಂದು ಬಣ್ಣ ಎಂದರೆ ಮ್ಯಾಂಗನೀಸ್ ಡೈಆಕ್ಸೈಡ್. ಸಲ್ಫ್ಯೂರಿಕ್ ಆಮ್ಲ ಸಾಲದೆ ಹೋದಾಗ, ಅಥವಾ ದ್ರಾವಣ ಸಾಕಷ್ಟು ಬಿಸಿಯಾಗುವ ಮೊದಲೇ ಪರಮ್ಯಾಂಗನೇಟನ್ನು ಅವಸರದಿಂದ ಸುರಿದಾಗ ಅದು ಹುಟ್ಟುತ್ತದೆ. ಮೇಲೆ ಹೇಳಿದಂತೆ ಆಗ ಒಂದು ಭಾಗ ಪರಮ್ಯಾಂಗನೇಟ್ 5ರ ಬದಲು 3 ಎಲೆಕ್ಟ್ರಾನುಗಳನ್ನಷ್ಟೇ ಪಡೆಯುತ್ತದೆ. ಅಷ್ಟೇ ಆಕ್ಸಾಲಿಕ್ ಆಮ್ಲವನ್ನು ಮುಗಿಸಲು ಹೆಚ್ಚು ಪರಮ್ಯಾಂಗನೇಟ್ ಬೇಕಾಗುವುದರಿಂದ ಬ್ಯೂರೆಟ್ಟಿನ ಅಳತೆ ಏರುತ್ತದೆ. ಅಂಥ ಫ್ಲಾಸ್ಕನ್ನು ಚೆಲ್ಲಿ ಮತ್ತೆ ಮಾಡಬೇಕೇ ಹೊರತು ಆ ಅಳತೆಯನ್ನು ಸರಾಸರಿಗೆ ಸೇರಿಸಬಾರದು.

ಆಮ್ಲ ಸಾಲದಿದ್ದರೆ ಯಾವುದಾದರೂ ಆಮ್ಲ ಹಾಕಿದರಾಯಿತು ಎಂದುಕೊಳ್ಳಬೇಡಿ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರಮ್ಯಾಂಗನೇಟ್ ಅದರ ಕ್ಲೋರೈಡನ್ನೇ ಕ್ಲೋರಿನ್ನಾಗಿ ಉತ್ಕರ್ಷಿಸುತ್ತಾ ವ್ಯರ್ಥವಾಗುತ್ತದೆ. ನೈಟ್ರಿಕ್ ಆಮ್ಲವಂತೂ ತಾನೇ ಉತ್ಕರ್ಷಣಕಾರಿ.

ಬಿಸಿಯ ವಿಷಯದಲ್ಲಿ 60ರಿಂದ 70 ಡಿಗ್ರಿ ಸೆಲ್ಸಿಯಸ್ ಸಾಕು. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ವಿಭಜನೆಯಾಗತೊಡಗುತ್ತದೆ. ಬಿಸಿ ಮಾಡಿದ ಮೇಲೂ ಮೊದಲ ಕೆಲವು ಹನಿಗಳ ಬಣ್ಣ ಹೋಗಲು ತಡವಾಗುವುದನ್ನು ನೀವು ನೋಡಿರಬಹುದು. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಆ ಕ್ರಿಯೆಗೆ ವೇಗವರ್ಧಕವಾಗುವುದರಿಂದ, ಅವು ಸ್ವಲ್ಪ ಸೇರಿದ ಮೇಲೆ ಹನಿ ಬಿದ್ದ ಕೂಡಲೇ ಬಣ್ಣ ಮಾಯವಾಗತೊಡಗುತ್ತದೆ. ಆರಂಭದಲ್ಲಿ ತಾಳ್ಮೆಯಿಲ್ಲದವರಿಗೇ ಕಂದು ಬಣ್ಣ ಕಾಣುವುದು ಹೆಚ್ಚು.

ನಿಮ್ಮ ಗೆಳತಿ ಶಂಕು ಫ್ಲಾಸ್ಕನ್ನು ಆಕ್ಸಾಲಿಕ್ ಆಮ್ಲದಿಂದ ತೊಳೆದಿದ್ದರೇ ಎಂಬುದನ್ನೂ ವಿಚಾರಿಸಿ. ಬ್ಯೂರೆಟ್ಟನ್ನೂ ಪಿಪೆಟ್ಟನ್ನೂ ಆಯಾ ದ್ರಾವಣದಿಂದಲೇ ತೊಳೆಯಬೇಕು, ಶಂಕು ಫ್ಲಾಸ್ಕನ್ನು ಮಾತ್ರ ಬರೀ ಭಟ್ಟಿ ಇಳಿಸಿದ ನೀರಿನಿಂದ. ಫ್ಲಾಸ್ಕಿನ ಗೋಡೆಗೆ ಅಂಟಿಕೊಂಡ ಆಕ್ಸಾಲಿಕ್ ಆಮ್ಲ ಲೆಕ್ಕಕ್ಕೆ ಬಾರದ ಮೋಲ್‌ಗಳಾಗಿ ಅಳತೆಯನ್ನು ಏರಿಸುತ್ತದೆ. ಅಲ್ಲಿ ನೀರು ಉಳಿದಿದ್ದರೆ ಏನೂ ಕೆಡುವುದಿಲ್ಲ.

ದ್ವಿತೀಯ ಪಿಯು ವಿದ್ಯಾರ್ಥಿನಿ

ಮೇಡಂ, ನೀರು ಉಳಿದರೆ ಆಕ್ಸಾಲಿಕ್ ಆಮ್ಲದ ಸಾರತೆ ಕಡಿಮೆಯಾಗುವುದಿಲ್ಲವೇ? ಹಾಗಾದರೆ ಲೆಕ್ಕದಲ್ಲಿ ಅದನ್ನು ಸರಿಪಡಿಸಬೇಕಲ್ಲವೇ?

ನೀರು ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞ

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಕೊಳವೆಬಾವಿಯ ನೀರಿನ ಗಡಸುತನವನ್ನು ಅಳೆಯುವುದು ನನ್ನ ನಿತ್ಯದ ಕೆಲಸ, ಮತ್ತು ಕೆಲಸಕ್ಕೆ ಹೊಸದಾಗಿ ಸೇರುವವರು ಎಡವುವುದೂ ಇಲ್ಲಿಯೇ.

ಫ್ಲಾಸ್ಕಿಗೆ ನೀರು ಸೇರಿದರೆ ಸಾರತೆ ಖಂಡಿತ ಕಡಿಮೆಯಾಗುತ್ತದೆ. ಆದರೆ ಬ್ಯೂರೆಟ್ಟಿನಿಂದ ಬೀಳುವ ದ್ರಾವಣ ವರ್ತಿಸುವುದು ಸಾರತೆಯೊಂದಿಗಲ್ಲ, ಫ್ಲಾಸ್ಕಿನಲ್ಲಿರುವ ಒಟ್ಟು ಮೋಲ್‌ಗಳೊಂದಿಗೆ. ಪಿಪೆಟ್ಟಿನಿಂದ ಬಿದ್ದ ಮೋಲ್‌ಗಳು ಎಷ್ಟೋ ಅಷ್ಟೇ ಇವೆ. ಒಂದು ಲೋಟ ಪಾನಕಕ್ಕೆ ಇನ್ನೊಂದು ಲೋಟ ನೀರು ಬೆರೆಸಿದರೆ ಸಿಹಿ ತೆಳುವಾಗುತ್ತದೆಯೇ ಹೊರತು ಅದರಲ್ಲಿರುವ ಬೆಲ್ಲ ಕಡಿಮೆಯಾಗುವುದಿಲ್ಲ.

ನನ್ನ ಕೆಲಸದ ಲೆಕ್ಕ ಹೀಗಿರುತ್ತದೆ. 50 ಮಿ.ಲೀ. ನೀರಿಗೆ ಅಮೋನಿಯಾದ ಬಫರ್ ಸೇರಿಸಿ ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಹಾಕಿ, 0.01 ಮೋಲಾರ್ ಇ.ಡಿ.ಟಿ.ಎ. ಬಿಡುತ್ತೇನೆ. ದ್ರಾಕ್ಷಾರಸದಂಥ ಕೆಂಪು ಬಣ್ಣ ಸಂಪೂರ್ಣ ನೀಲಿಯಾದಾಗ ನಿಲ್ಲಿಸುತ್ತೇನೆ. 22.4 ಮಿ.ಲೀ. ಖರ್ಚಾಯಿತೆನ್ನಿ. ಅಂದರೆ 0.224 ಮಿಲಿಮೋಲ್. ಇ.ಡಿ.ಟಿ.ಎ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳೊಂದಿಗೆ ಒಂದಕ್ಕೊಂದರಂತೆ ಸೇರುವುದರಿಂದ 50 ಮಿ.ಲೀ. ನೀರಿನಲ್ಲಿ ಅಷ್ಟೇ ಮಿಲಿಮೋಲ್ ಅಯಾನುಗಳಿವೆ, ಲೀಟರಿಗೆ 4.48. ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 100ರಿಂದ ಗುಣಿಸಿದರೆ ಲೀಟರಿಗೆ 448 ಮಿಲಿಗ್ರಾಂ. ಕುಡಿಯುವ ನೀರಿಗಿರುವ ಐಎಸ್ 10500 ಮಾನಕದಲ್ಲಿ ಸ್ವೀಕಾರಾರ್ಹ ಮಿತಿ 200, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿ. ಹೀಗಾಗಿ ಈ ನೀರು ಎರಡರ ನಡುವೆ ಬೀಳುತ್ತದೆ.

ನೀರು ತುಂಬಾ ಗಡಸಾಗಿದ್ದರೆ 10 ಮಿ.ಲೀ. ಮಾದರಿಯನ್ನು ಫ್ಲಾಸ್ಕಿಗೆ ಹಾಕಿ, ಅದಕ್ಕೆ 40 ಮಿ.ಲೀ. ಭಟ್ಟಿ ಇಳಿಸಿದ ನೀರು ಸೇರಿಸುತ್ತೇನೆ. ಆಗ ಲೆಕ್ಕದಲ್ಲಿ ಭಾಗಿಸಬೇಕಾದ್ದು 10ರಿಂದ, 50ರಿಂದ ಅಲ್ಲ. ಇದರ ಬದಲು 10 ಮಿ.ಲೀ. ಮಾದರಿಯನ್ನು ಪ್ರಮಾಣಿತ ಫ್ಲಾಸ್ಕಿನಲ್ಲಿ 100 ಮಿ.ಲೀ. ಮಾಡಿ, ಅದರಿಂದ 20 ಮಿ.ಲೀ. ಅಷ್ಟೇ ಪಿಪೆಟ್ಟಿನಿಂದ ತೆಗೆದರೆ ಪರಿಸ್ಥಿತಿ ಬೇರೆ. ಏಕೆಂದರೆ ಈಗ ಮೋಲ್‌ಗಳ ಐದರಲ್ಲಿ ನಾಲ್ಕು ಭಾಗ ಹಿಂದೆ ಉಳಿದುಬಿಟ್ಟಿವೆ. ಲೆಕ್ಕದಲ್ಲಿ ಬರುವ ನೀರು ಯಾವುದು, ಬಾರದ ನೀರು ಯಾವುದು ಎಂದು ತಿಳಿಯಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ನೀರು ಸೇರಿಸಿದ ಮೇಲೆ ಅದರಿಂದ ಒಂದು ಭಾಗವನ್ನಷ್ಟೇ ತೆಗೆದೆನೇ, ಅಥವಾ ಪೂರ್ತಿಯಾಗಿ ಬಳಸಿದೆನೇ?

ದ್ವಿತೀಯ ಪಿಯು ವಿದ್ಯಾರ್ಥಿನಿ

ಸರ್, ನೀವು ಹೇಳಿದ್ದನ್ನು ಪುಸ್ತಕದ ವಿನೆಗರ್ ಲೆಕ್ಕಕ್ಕೆ ಹಚ್ಚಿ ನೋಡಿದೆ. 10 ಮಿ.ಲೀ. ವಿನೆಗರನ್ನು 100 ಮಿ.ಲೀ. ಮಾಡಿ, ಅದರ 20 ಮಿ.ಲೀ.ಗೆ ಫಿನಾಲ್ಫ್ತಲೀನ್ ಸೂಚಕದೊಂದಿಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 16.6 ಮಿ.ಲೀ. ಖರ್ಚಾಗಿದೆ. 1.66 ಮಿಲಿಮೋಲ್ ಅಸಿಟಿಕ್ ಆಮ್ಲ 20 ಮಿ.ಲೀ.ನಲ್ಲಿರುವುದರಿಂದ ಸಾರತೆ 0.083 ಮೋಲಾರ್, 60ರಿಂದ ಗುಣಿಸಿದರೆ ಲೀಟರಿಗೆ ಸುಮಾರು 5 ಗ್ರಾಂ, ಅಂದರೆ ಶೇಕಡಾ 0.5. ಆದರೆ ಮನೆಯಲ್ಲಿರುವ ಬಾಟಲಿಯ ಮೇಲೆ ಶೇಕಡಾ 5 ಎಂಬಂತೆ ಬರೆದಿದ್ದಾರೆ. ಹತ್ತು ಪಟ್ಟು ವ್ಯತ್ಯಾಸ ಎಂದಾಗ ನನಗೇ ಹೊಳೆಯಿತು: ನಾನು ಕಂಡುಹಿಡಿದದ್ದು ನೀರು ಬೆರೆಸಿದ ವಿನೆಗರಿನ ಸಾರತೆಯನ್ನು. ಮೂಲ ವಿನೆಗರಿನದು 0.83 ಮೋಲಾರ್.

ನೀರು ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞ

ಸರಿಯಾಗಿದೆ. ಇನ್ನೂ ನೇರವಾದ ದಾರಿಯಿದೆ. 100 ಮಿ.ಲೀ.ನಲ್ಲಿ 20 ತೆಗೆದಿರಿ ಎಂದರೆ ಐದನೆಯ ಒಂದು ಭಾಗ, 10 ಮಿ.ಲೀ. ವಿನೆಗರಿನ ಐದನೆಯ ಒಂದು ಭಾಗ 2 ಮಿ.ಲೀ. ಹಾಗಾಗಿ ನಿಮ್ಮ ಶಂಕು ಫ್ಲಾಸ್ಕಿನಲ್ಲಿ ನಿಜಕ್ಕೂ ಇದ್ದದ್ದು 2 ಮಿ.ಲೀ. ವಿನೆಗರ್. 1.66 ಮಿಲಿಮೋಲನ್ನು 2ರಿಂದ ಭಾಗಿಸಿದರೆ ಒಮ್ಮೆಗೇ 0.83 ಸಿಗುತ್ತದೆ.

ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿ

ಚರ್ಚೆಯ ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ಬಾಟಲಿಯ ಮೇಲೆ ಶೇಕಡಾ 37, ಸಾಂದ್ರತೆ 1.19 ಎಂದು ಬರೆದಿರುವ ಹೈಡ್ರೋಕ್ಲೋರಿಕ್ ಆಮ್ಲದಿಂದ 250 ಮಿ.ಲೀ. 0.1 ಮೋಲಾರ್ ದ್ರಾವಣವನ್ನು ತಯಾರಿಸಬೇಕಿದೆ. ಶೇಕಡಾ 37 ಎಂದ ಮೇಲೆ ಸಾಂದ್ರತೆ ತಿಳಿದಂತಾಯಿತಲ್ಲ, 1.19 ಮತ್ತೇಕೆ?

ನಿವೃತ್ತ ಉಪನ್ಯಾಸಕ

ನಿಮ್ಮ ಗೊಂದಲದ ಮೂಲ ರಸಾಯನಶಾಸ್ತ್ರದಲ್ಲಿಲ್ಲ, ನಮ್ಮ ಭಾಷಾಬಳಕೆಯಲ್ಲಿದೆ. ಸಾಂದ್ರತೆ ಎಂಬ ಪದವನ್ನು ಕೆಲವರು ದ್ರಾವಣದಲ್ಲಿ ದ್ರಾವ್ಯ ಎಷ್ಟಿದೆ ಎಂಬುದಕ್ಕೂ ಬಳಸುತ್ತಾರೆ, ಒಂದು ಮಿ.ಲೀ. ಎಷ್ಟು ತೂಗುತ್ತದೆ ಎಂಬುದಕ್ಕೂ ಬಳಸುತ್ತಾರೆ. ಮೊದಲನೆಯದಕ್ಕೆ ಸಾರತೆ ಎಂಬ ಪದವಿರುವಾಗ ಸಾಂದ್ರತೆಯನ್ನು ಎರಡನೆಯದಕ್ಕೆ ಮೀಸಲಿಡುವುದು ಒಳ್ಳೆಯದು. ಶೇಕಡಾ 37 ಎಂದರೆ 100 ಗ್ರಾಂ ದ್ರಾವಣದಲ್ಲಿ 37 ಗ್ರಾಂ ಹೈಡ್ರೋಜನ್ ಕ್ಲೋರೈಡ್. ಮೋಲಾರಿಟಿ ಕೇಳುವುದು ಲೀಟರಿಗೆಷ್ಟು ಎಂದು. ಗ್ರಾಂನಿಂದ ಲೀಟರಿಗೆ ದಾಟಲು 1.19 ಸೇತುವೆ. ಒಂದು ಲೀಟರ್ 1190 ಗ್ರಾಂ, ಅದರ ಶೇಕಡಾ 37 ಎಂದರೆ 440 ಗ್ರಾಂ, 36.5ರಿಂದ ಭಾಗಿಸಿದರೆ ಸುಮಾರು 12 ಮೋಲಾರ್. ನಿಮಗೆ ಬೇಕಾದದ್ದು 25 ಮಿಲಿಮೋಲ್, ಅಂದರೆ 2.1 ಮಿ.ಲೀ. ಆಮ್ಲ. ಫ್ಲಾಸ್ಕಿನಲ್ಲಿ ಮೊದಲು ನೀರಿರಲಿ, ಆಮ್ಲ ಆಮೇಲೆ.

ಹೀಗೆ ತಯಾರಿಸಿದ್ದನ್ನು 0.1 ಎಂದು ನಂಬಬೇಡಿ. ಆ ಬಾಟಲಿ ತೆರೆದಾಗಲೆಲ್ಲ ಹೊಗೆಯಾಡುತ್ತದೆ, ಶೇಕಡಾ 37 ಹಾಗೆಯೇ ಉಳಿದಿರುವುದಿಲ್ಲ. ಒಣಗಿಸಿದ ಸೋಡಿಯಂ ಕಾರ್ಬೊನೇಟ್ 1.325 ಗ್ರಾಂ ತೂಗಿ 250 ಮಿ.ಲೀ. ಮಾಡಿದರೆ 0.05 ಮೋಲಾರ್ ಪ್ರಮಾಣಿತ ದ್ರಾವಣ ಸಿಗುತ್ತದೆ. ಅದರ 20 ಮಿ.ಲೀ.ನಲ್ಲಿ 1 ಮಿಲಿಮೋಲ್, ಅದಕ್ಕೆ ಆಮ್ಲ 2 ಮಿಲಿಮೋಲ್ ಬೇಕು. ಮೀಥೈಲ್ ಆರೆಂಜ್ ಸೂಚಕದೊಂದಿಗೆ 20.6 ಮಿ.ಲೀ. ಖರ್ಚಾದರೆ ನಿಮ್ಮ ಆಮ್ಲ 0.0971 ಮೋಲಾರ್. ಅಭ್ಯಾಸಬಲದಿಂದ ಫಿನಾಲ್ಫ್ತಲೀನ್ ಹಾಕಿದರೆ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗುವ ಹಂತದಲ್ಲಿಯೇ ಬಣ್ಣ ಹೋಗಿ, 10.3 ಮಿ.ಲೀ.ಗೇ ನಿಲ್ಲಿಸಿಬಿಡುತ್ತೀರಿ.

ದ್ವಿತೀಯ ಪಿಯು ವಿದ್ಯಾರ್ಥಿನಿ

ಇಂದು ಲ್ಯಾಬಿನಲ್ಲಿ ಅದೇ ಪರಮ್ಯಾಂಗನೇಟನ್ನು ಮೋರ್ ಲವಣದೊಂದಿಗೆ (ಫೆರಸ್ ಅಮೋನಿಯಂ ಸಲ್ಫೇಟ್ ಹರಳು) ಅನುಮಾಪನ ಮಾಡಿದೆವು. ಲವಣ 9.8 ಗ್ರಾಂ, ದ್ರಾವಣ 250 ಮಿ.ಲೀ. ಈ ಸಲ ಹರಳಿನ ನೀರನ್ನು ಮರೆಯದೆ ಮೋಲಾರ್ ದ್ರವ್ಯರಾಶಿ 392 ಎಂದು ತೆಗೆದುಕೊಂಡೆ; 0.1 ಮೋಲಾರ್ ಬಂತು. 10 ಮಿ.ಲೀ.ನಲ್ಲಿ 1 ಮಿಲಿಮೋಲ್ ಕಬ್ಬಿಣದ ಅಯಾನುಗಳು. ಪ್ರತಿಯೊಂದೂ ಒಂದೇ ಎಲೆಕ್ಟ್ರಾನು ಕೊಡುವುದರಿಂದ ಐದಕ್ಕೆ ಒಂದು ಪರಮ್ಯಾಂಗನೇಟ್, ಅಂದರೆ 0.2 ಮಿಲಿಮೋಲ್. ಬ್ಯೂರೆಟ್ಟಿನ ಅಳತೆ 4.9 ಮಿ.ಲೀ. ಉತ್ತರ 0.04081632 ಮೋಲಾರ್. ಕಳೆದ ವಾರದ ಉತ್ತರವೇ ಮತ್ತೆ ಬಂದಾಗ ಬಹಳ ಸಂತೋಷವಾಯಿತು. ಆದರೆ ಇದನ್ನು ಬಿಸಿ ಮಾಡಬಾರದು ಎಂದ ನಮ್ಮ ಉಪನ್ಯಾಸಕರು ಯಾಕೆ ಎಂದು ಹೇಳಲಿಲ್ಲ.

ರಸಾಯನಶಾಸ್ತ್ರ ಉಪನ್ಯಾಸಕಿ

ಬಿಸಿ ಮಾಡಿದರೆ ಗಾಳಿಯ ಆಮ್ಲಜನಕವೇ ಕಬ್ಬಿಣವನ್ನು ಎರಡರಿಂದ ಮೂರರ ಸ್ಥಿತಿಗೆ ಏರಿಸಿಬಿಡುತ್ತದೆ, ಪರಮ್ಯಾಂಗನೇಟಿಗೆ ಕೆಲಸ ಕಡಿಮೆಯಾಗುತ್ತದೆ. ಈ ಕ್ರಿಯೆ ತಣ್ಣಗಿದ್ದಾಗಲೂ ವೇಗವಾಗಿಯೇ ನಡೆಯುವುದರಿಂದ ಬಿಸಿಯ ಅಗತ್ಯವೂ ಇಲ್ಲ. ಲವಣವನ್ನು ಕರಗಿಸುವಾಗ ಮೊದಲೇ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಹಾಕಿಸಿದ್ದರೆ, ಅದು ಕಬ್ಬಿಣ ಜಲವಿಭಜನೆಗೊಳ್ಳದಿರಲೆಂದು.

ಉತ್ತರವನ್ನು 0.041 ಎಂದು ಬರೆಯಿರಿ. ಬ್ಯೂರೆಟ್ಟಿನ ಒಂದು ಗೆರೆ 0.1 ಮಿ.ಲೀ.; 4.9ರಲ್ಲಿ ಒಂದು ಗೆರೆ ತಪ್ಪಿದರೂ ಉತ್ತರ ಶೇಕಡಾ 2ರಷ್ಟು ಕದಲುತ್ತದೆ. ಕ್ಯಾಲ್ಕುಲೇಟರ್ ತೋರಿಸಿದ ಉಳಿದ ಅಂಕಿಗಳು ನಿಮ್ಮ ಬ್ಯೂರೆಟ್ಟಿನಿಂದ ಬಂದವಲ್ಲ. ಮುಂದಿನ ಸಲ ಅವಕಾಶವಿದ್ದರೆ 20 ಮಿ.ಲೀ. ಪಿಪೆಟ್ ಕೇಳಿ ಪಡೆಯಿರಿ; ಅಳತೆ 9.8ಕ್ಕೆ ಏರಿ, ಅದೇ ಒಂದು ಗೆರೆಯ ತಪ್ಪು ಅರ್ಧಕ್ಕಿಳಿಯುತ್ತದೆ. ಪರಮ್ಯಾಂಗನೇಟಿನ ಬಣ್ಣ ಗಾಢವಾಗಿರುವುದರಿಂದ ದ್ರವದ ಬಾಗಿದ ಮೇಲ್ಮೈಯ ಕೆಳ ಅಂಚು ಕಾಣುವುದಿಲ್ಲ. ಮೊದಲೂ ಕೊನೆಯೂ ಮೇಲಿನ ಅಂಚನ್ನೇ ಓದಿ.